ಜಡ್ಡುಗಟ್ಟಿದ ಕೈಕಾಲು: ದೋಷ ಎಲ್ಲಿದೆ ಎಂದು ಹುಡುಕುವ ಬಗೆ

ಅಂಗಡಿಗೆ ಬಂದು “ಒಂದು ಆಣಿ ಪಟ್ಟಿ ಕೊಡಿ” ಎಂದವರಿಗೆ, ಕಾಲಿನ ಆಣಿಯ ಮೇಲೆ ಅಂಟಿಸುವ ಆ ಔಷಧಿ ಪಟ್ಟಿ ಕೊಡುವ ಮುಂಚೆ ನಾನು ಕಾಲು ತೋರಿಸಿ ಎನ್ನುತ್ತೇನೆ. ಕೆಲವರಿಗೆ ಸಂಕೋಚ, ಕೆಲವರಿಗೆ ಸಿಟ್ಟು. ಲೋಕಲ್ ರೈಲು ಹಿಡಿಯುವ ಅವಸರದಲ್ಲಿರುವವರಿಗಂತೂ ಇದು ಶುದ್ಧ ಕಿರಿಕಿರಿ. ಆದರೆ ಮುಂಬಯಿಯ ಮಾಟುಂಗಾದಲ್ಲಿ ಔಷಧಿ ಅಂಗಡಿ ಇಟ್ಟುಕೊಂಡು, ಕುಂದಾಪುರ, ಕಾರ್ಕಳ ಕಡೆಯ ಹೋಟೆಲ್ ಕೆಲಸಗಾರರ ಕಾಲುಗಳನ್ನೂ ಕಲಬುರಗಿ, ವಿಜಯಪುರ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಕೈಗಳನ್ನೂ ವರ್ಷಗಟ್ಟಲೆ ನೋಡಿದ ಮೇಲೆ ಒಂದು ಮಾತನ್ನು ಗಟ್ಟಿಯಾಗಿ ಹೇಳಬಲ್ಲೆ: ಜಡ್ಡು, ಅಂದರೆ ಹೀಗೆ ದಪ್ಪಗಟ್ಟಿದ ಚರ್ಮ, ದೋಷವಲ್ಲ, ದೋಷದ ಗುರುತು. ದೋಷ ಇರುವುದು ಚಪ್ಪಲಿಯಲ್ಲಿ, ನಿಲ್ಲುವ ಕೂರುವ ಭಂಗಿಯಲ್ಲಿ, ಕೈಯಲ್ಲಿ ಹಿಡಿಯುವ ಹಿಡಿಕೆಯಲ್ಲಿ, ಕೆಲವೊಮ್ಮೆ ಒಳಗಿನ ಮೂಳೆಯಲ್ಲಿ. ಅದನ್ನು ಹಾಗೆಯೇ ಬಿಟ್ಟು ಚರ್ಮವನ್ನಷ್ಟೇ ಹೆರೆದರೆ ಕೆಲವೇ ವಾರಗಳಲ್ಲಿ ಅದೇ ಜಾಗದಲ್ಲಿ ಅಷ್ಟೇ ದಪ್ಪಕ್ಕೆ ಮತ್ತೆ ಬೆಳೆದು ನಿಂತಿರುತ್ತದೆ.

ಅದು ಬೆಳೆಯುವ ಬಗೆ ಸರಳವಾಗಿದೆ. ನಮ್ಮ ಚರ್ಮದ ಹೊರಪದರ ಕೆಳಗಿನಿಂದ ಹುಟ್ಟಿ ಮೇಲಕ್ಕೆ ಬಂದು ಸತ್ತು ಉದುರುವ ಜೀವಕೋಶಗಳದ್ದು. ಈ ಸುತ್ತು ಮುಗಿಯಲು ಸುಮಾರು ನಾಲ್ಕರಿಂದ ಆರು ವಾರ ಬೇಕು. ಒಂದೇ ಜಾಗದಲ್ಲಿ ದಿನವೂ ತಿಕ್ಕಾಟ ಮತ್ತು ಒತ್ತಡ ಬಿದ್ದರೆ ಅಲ್ಲಿ ಕೋಶಗಳು ಬೇಗ ಬೇಗ ಹುಟ್ಟುತ್ತವೆ, ಉದುರುವುದು ನಿಧಾನವಾಗುತ್ತದೆ. ಕೆರಾಟಿನ್ ಎಂಬ ಪ್ರೋಟೀನು ತುಂಬಿದ ಸತ್ತ ಪದರಗಳು ಒಂದರ ಮೇಲೊಂದು ಕೂತು ದಪ್ಪವಾಗುತ್ತವೆ. ದೇಹ ತನ್ನನ್ನು ಕಾಪಾಡಿಕೊಳ್ಳಲು ಮಾಡಿಕೊಂಡ ಏರ್ಪಾಡು ಇದು. ಅಂಗೈ ಅಂಗಾಲಿನಲ್ಲಿ ಬೆವರಿನ ಗ್ರಂಥಿಗಳು ಹೇರಳ, ಎಣ್ಣೆಯ ಗ್ರಂಥಿಗಳು ಒಂದೂ ಇಲ್ಲ. ಆದ್ದರಿಂದ ಅಲ್ಲಿ ದಪ್ಪಗಟ್ಟಿದ ಚರ್ಮ ಬೇಗ ಒಣಗುತ್ತದೆ, ಒಣಗಿದ್ದು ಬಿರಿಯುತ್ತದೆ. ನೋವು ಬರುವುದು ಸಾಮಾನ್ಯವಾಗಿ ಈ ಬಿರುಕಿನಿಂದ, ಇಲ್ಲವೇ ದಪ್ಪ ಪದರವೇ ಕೆಳಗಿನ ಮಾಂಸವನ್ನು ಒತ್ತುವುದರಿಂದ.

ಮೊದಲ ಪರೀಕ್ಷೆ: ಇದು ಜಡ್ಡೇ, ಬೇರೇನಾದರೂ ಇದೆಯೇ?

ಕಾಲು ತೊಳೆದು, ಒರೆಸಿ, ಬೆಳಕಿಗೆ ಹಿಡಿಯಿರಿ. ಮೊಬೈಲಿನ ಟಾರ್ಚು ಸಾಕು. ಅದೇ ಮೊಬೈಲಿನಲ್ಲಿ ಹತ್ತಿರದಿಂದ ಒಂದು ಫೋಟೊ ತೆಗೆದು ದೊಡ್ಡದು ಮಾಡಿ ನೋಡಿದರೆ ಇನ್ನೂ ಒಳ್ಳೆಯದು.

ಬೆರಳಚ್ಚಿನಲ್ಲಿ ಇರುವಂತಹ ಸಣ್ಣ ಗೆರೆಗಳು ಅಂಗಾಲಿನಲ್ಲೂ ಇವೆ. ಗಟ್ಟಿಯಾದ ಜಾಗದ ಮೇಲೂ ಆ ಗೆರೆಗಳು ಕಡಿಯದೆ ಹಾದುಹೋಗಿದ್ದರೆ, ಜಾಗ ಅಗಲವಾಗಿ ಹಳದಿ ಬಣ್ಣದಲ್ಲಿದ್ದರೆ, ಅಂಚು ಎಲ್ಲಿ ಮುಗಿಯಿತು ಎಂದು ಖಚಿತವಾಗಿ ಹೇಳಲಾಗದಿದ್ದರೆ ಅದು ಜಡ್ಡು. ಆಣಿ ಇದಕ್ಕಿಂತ ಚಿಕ್ಕದು, ದುಂಡಗಿನದು. ನಡುವೆ ಗಾಜಿನಂತೆ ಹೊಳೆಯುವ ಗಟ್ಟಿ ತಿರುಳು ಇರುತ್ತದೆ. ಆ ತಿರುಳು ಒಳಮುಖವಾಗಿ ಚೂಪಾಗಿ ನರವನ್ನು ಒತ್ತುವುದರಿಂದಲೇ ಹೆಜ್ಜೆ ಊರಿದೊಡನೆ ಮೊಳೆ ಹೊಕ್ಕಂತಾಗುತ್ತದೆ.

ಹೆಚ್ಚಿನವರು ಎಡವುವುದು ನರುಲಿಯ ವಿಚಾರದಲ್ಲಿ. ಅಂಗಾಲಿನ ನರುಲಿ ವೈರಸ್ಸಿನಿಂದ ಬರುವುದು, ಹರಡುವಂಥದ್ದು. ನಿಂತು ನಡೆದು ಅದು ಒಳಕ್ಕೆ ಅದುಮಿಕೊಂಡಿರುವುದರಿಂದ ನೋಡಲು ಆಣಿಯ ಹಾಗೆಯೇ ಇರುತ್ತದೆ. ಬೇರ್ಪಡಿಸಲು ಎರಡು ಉಪಾಯಗಳಿವೆ. ಒಂದು, ಚರ್ಮದ ಗೆರೆಗಳು ನರುಲಿಯ ಹತ್ತಿರ ಬಂದು ಅದನ್ನು ಬಳಸಿಕೊಂಡು ಹೋಗುತ್ತವೆ, ಮೇಲೆ ಹಾಯುವುದಿಲ್ಲ. ಒಳಗೆ ಕಪ್ಪು ಚುಕ್ಕಿಗಳು ಕಾಣಬಹುದು, ಅವು ಹೆಪ್ಪುಗಟ್ಟಿದ ಸಣ್ಣ ರಕ್ತನಾಳಗಳು. ಎರಡು, ಹೆಬ್ಬೆರಳು ತೋರುಬೆರಳಿನಿಂದ ಎರಡೂ ಪಕ್ಕ ಹಿಡಿದು ಚಿವುಟಿ ನೋಡಿ. ಚಿವುಟಿದಾಗ ಹೆಚ್ಚು ನೋವಾದರೆ ನರುಲಿ, ನೇರ ಮೇಲಿನಿಂದ ಒತ್ತಿದಾಗ ಹೆಚ್ಚು ನೋವಾದರೆ ಆಣಿ. ಜಡ್ಡಿಗೆ ಸಾಮಾನ್ಯವಾಗಿ ಎರಡಕ್ಕೂ ಅಂಥ ಪ್ರತಿಕ್ರಿಯೆ ಇರುವುದಿಲ್ಲ. ನರುಲಿಯನ್ನು ಆಣಿ ಎಂದುಕೊಂಡು ಬ್ಲೇಡಿನಿಂದ ಕೊರೆದರೆ ಚುಕ್ಕಿ ಚುಕ್ಕಿಯಾಗಿ ರಕ್ತ ಒಸರುತ್ತದೆ, ವೈರಸ್ಸು ಪಕ್ಕದ ಚರ್ಮಕ್ಕೂ ಸಾಗುತ್ತದೆ.

ಇಡೀ ಅಂಗಾಲು ಒಣಗಿ, ಹಿಟ್ಟು ಉದುರಿದಂತೆ ಸಿಪ್ಪೆ ಏಳುತ್ತಿದ್ದರೆ ಫಂಗಸ್ಸಿನ ಸೋಂಕನ್ನು ನೆನಪಿಸಿಕೊಳ್ಳಿ. ಇದಕ್ಕೊಂದು ವಿಚಿತ್ರ ಗುರುತಿದೆ: ಎರಡೂ ಅಂಗಾಲು, ಆದರೆ ಒಂದೇ ಅಂಗೈ. ಒಂದು ಕೈ ಮಾತ್ರ ಒರಟಾಗಿ, ಇನ್ನೊಂದು ಚೆನ್ನಾಗಿದ್ದು, ಜೊತೆಗೆ ಎರಡೂ ಕಾಲು ಸಿಪ್ಪೆ ಏಳುತ್ತಿದ್ದರೆ ಅದು ದುಡಿಮೆಯ ಜಡ್ಡು ಅಲ್ಲ. ಚರ್ಮದ ವೈದ್ಯರು ಸ್ವಲ್ಪ ಸಿಪ್ಪೆ ಹೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಗೊತ್ತಾಗುತ್ತದೆ. ಅಂಥವರಿಗೆ ಪಕ್ಕದ ಕೋಣೆಯವನು ಹೇಳಿದ, ಸ್ಟೆರಾಯ್ಡ್ ಬೆರೆತ ಮುಲಾಮನ್ನು ನಾನು ಮಾರುವುದಿಲ್ಲ. ನಾಲ್ಕು ದಿನ ತುರಿಕೆ ಅಡಗಿಸಿ, ಆಮೇಲೆ ಫಂಗಸ್ಸನ್ನು ಹರಡುವ ಕೆಲಸ ಅದರದ್ದು.

ಕೆಂಪು ಬುಡ, ಸ್ಪಷ್ಟ ಅಂಚು, ಜೊತೆಗೆ ಮೊಣಕೈ ಮೊಣಕಾಲಿನಲ್ಲೂ ಬೆಳ್ಳಗೆ ಹೊಟ್ಟು ಇದ್ದರೆ ಸೋರಿಯಾಸಿಸ್ ಇರಬಹುದು. ಚಿಕ್ಕಂದಿನಿಂದಲೇ ಅಂಗೈ ಅಂಗಾಲು ದಪ್ಪ, ಮನೆಯಲ್ಲಿ ಇನ್ನೊಬ್ಬರಿಗೂ ಹಾಗೆಯೇ ಇದೆ ಎಂದರೆ ವಂಶವಾಹಿ ಕಾರಣ. ಅಂಗಾಲಿನಲ್ಲಿ ಅಂಚು ಅಂಕುಡೊಂಕಾದ ಕಪ್ಪು ಮಚ್ಚೆ ದೊಡ್ಡದಾಗುತ್ತಿದ್ದರೆ ತಡಮಾಡಬಾರದು. ನಮ್ಮ ಮೈಬಣ್ಣದವರಲ್ಲಿ ಮೆಲನೋಮ ಎಂಬ ಕ್ಯಾನ್ಸರ್ ಬಂದರೆ ಬರುವ ಮುಖ್ಯ ಜಾಗಗಳಲ್ಲಿ ಅಂಗಾಲೂ ಒಂದು.

ಜಾಗ ನೋಡಿ ಕಾರಣ ಹಿಡಿಯುವುದು

ಜಡ್ಡು ಎಂದು ಖಚಿತವಾದ ಮೇಲೆ ಕೇಳಬೇಕಾದ ಪ್ರಶ್ನೆ ಒಂದೇ: ಇಲ್ಲೇ ಏಕೆ? ಎಡಗಾಲು ಬಲಗಾಲು ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ಎರಡರಲ್ಲೂ ಒಂದೇ ಜಾಗದಲ್ಲಿದ್ದರೆ ಮೊದಲ ಸಂಶಯ ಪಾದರಕ್ಷೆಯ ಮೇಲೆ. ಒಂದೇ ಕಾಲಿನಲ್ಲಿದ್ದರೆ ಕೆಲಸದ ಭಂಗಿ, ಹಳೆಯ ಪೆಟ್ಟು, ಮೂಳೆಯ ಏರುಪೇರು.

ಬೆರಳುಗಳ ಮೇಲ್ಭಾಗದ ಗಂಟಿನಲ್ಲಿ ಇದ್ದರೆ ಶೂವಿನ ಮೂತಿ ತಗ್ಗು, ಇಲ್ಲವೇ ಬೆರಳು ಮಡಚಿಕೊಂಡು ಮೇಲೆದ್ದಿದೆ. ಕಿರುಬೆರಳಿನ ಹೊರಪಕ್ಕದಲ್ಲಿದ್ದರೆ ಶೂ ಅಗಲ ಸಾಲದು. ಉದ್ದ ಸರಿಯಿದೆ ಎಂದು ವಾದಿಸಿ ಪ್ರಯೋಜನವಿಲ್ಲ. ಹೆಬ್ಬೆರಳಿನ ಒಳಪಕ್ಕದ ಅಂಚಿನಲ್ಲಿದ್ದರೆ ಪಾದ ಒಳಕ್ಕೆ ವಾಲುತ್ತಿದೆ. ಎರಡನೆಯ ಮೂರನೆಯ ಬೆರಳಿನ ಬುಡದಡಿ, ಮುಂಗಾಲಿನ ದಿಂಬಿನ ನಡುವೆ ಇದ್ದರೆ ಹೆಬ್ಬೆರಳು ತನ್ನ ಪಾಲಿನ ಭಾರ ಹೊರುತ್ತಿಲ್ಲ: ಹೆಬ್ಬೆರಳು ಪಕ್ಕಕ್ಕೆ ತಿರುಗಿ ಬುಡದಲ್ಲಿ ಗಂಟು ಬಂದಿರಬಹುದು, ಎರಡನೆಯ ಬೆರಳು ಹುಟ್ಟಾ ಉದ್ದವಿರಬಹುದು, ಅಥವಾ ಹಿಮ್ಮಡಿ ಎತ್ತರದ ಚಪ್ಪಲಿ ಭಾರವನ್ನೆಲ್ಲ ಮುಂದಕ್ಕೆ ತಳ್ಳಿರಬಹುದು. ಹಿಮ್ಮಡಿಯ ಸುತ್ತ ದಪ್ಪಗಟ್ಟಿ ಬಿರಿದಿದ್ದರೆ ಹಿಂದೆ ಪಟ್ಟಿಯಿಲ್ಲದ ಹವಾಯಿ ಚಪ್ಪಲಿ, ಬರಿಗಾಲು, ಗಟ್ಟಿ ನೆಲ. ಹಿಂದೆ ಆಸರೆಯಿಲ್ಲದ ಚಪ್ಪಲಿಯಲ್ಲಿ ಹಿಮ್ಮಡಿಯ ಕೊಬ್ಬು ಭಾರಕ್ಕೆ ಪಕ್ಕಕ್ಕೆ ಹರಡಿಕೊಳ್ಳುತ್ತದೆ, ದಪ್ಪ ಚರ್ಮ ಅದರ ಜೊತೆ ಹಿಗ್ಗಲಾರದೆ ಒಡೆಯುತ್ತದೆ. ನಾಲ್ಕು ಮತ್ತು ಐದನೆಯ ಬೆರಳಿನ ಸಂದಿಯಲ್ಲಿ ಬೆಳ್ಳಗೆ ಮೆತ್ತಗಿನ ಗಂಟು ಕಂಡರೆ ಅದು ಮೆದು ಆಣಿ: ಎರಡು ಮೂಳೆಗಳ ಒತ್ತಡ, ನಡುವೆ ಬೆವರು.

ಹೊರಗಿನ ಹರಡಿನ (ಕಾಲ್ಗಿಣ್ಣಿನ) ಮೂಳೆಯ ಮೇಲಿನ ಕಪ್ಪು ಜಡ್ಡು ನಮ್ಮಲ್ಲಿ ಸಾಮಾನ್ಯ. ಚಕ್ಕಳಮಕ್ಕಳ ಹಾಕಿ ನೆಲದ ಮೇಲೆ ಗಂಟೆಗಟ್ಟಲೆ ಕೂರುವವರಿಗೆ ಬರುವುದು ಅದು. ದಾದರಿನಲ್ಲಿ ಹೂ ಕಟ್ಟುವವರು, ಜರಿ ಕೆಲಸದವರು, ಪುರೋಹಿತರು, ತಬಲಾ ನುಡಿಸುವವರು. ಯಾವ ಕಾಲು ಕೆಳಗೆ ಹೋಗುತ್ತದೆಯೋ ಆ ಕಾಲಿನಲ್ಲಿ ಹೆಚ್ಚು. ಹಳೆಯ ಪಂಚೆಯನ್ನು ಸಿಂಬಿಯಂತೆ ಸುತ್ತಿ, ಮೂಳೆ ಅದರ ತೂತಿನಲ್ಲಿ ಕೂರುವಂತೆ ಇಟ್ಟುಕೊಂಡರೆ ಸಾಕು. ಯಾವ ಮುಲಾಮೂ ಬೇಡ.

ಅಂಗಾಲಿನ ಗುಳಿಯಲ್ಲಿ ಜಡ್ಡು ಬರುವುದು ಅಪರೂಪ, ಅಲ್ಲಿ ನೆಲ ತಾಗುವುದೇ ಇಲ್ಲ. ಅದಕ್ಕೇ ಹೋಟೆಲಿನ ಗಲ್ಲೆಯಲ್ಲಿ ಕೂರುವ ಹಿರಿಯರೊಬ್ಬರು ಬಲಗಾಲಿನ ಗುಳಿಯಲ್ಲಿ ಅಡ್ಡಡ್ಡವಾಗಿ ಬೆಳೆದ ಒಂದು ಗೆರೆ ಜಡ್ಡನ್ನು ತೋರಿಸಿದಾಗ ನನಗೆ ಕುತೂಹಲವಾಯಿತು. ಕಿರುಬೆರಳಿನಷ್ಟು ಅಗಲ, ಅಂಚುಗಳೆರಡೂ ನೇರ. ಯಾವ ಚಪ್ಪಲಿಯೂ ಅಂಥ ಗುರುತು ಮಾಡುವುದಿಲ್ಲ. “ಶೆಟ್ಟರೇ, ನೀವು ಕೂರುವ ಸ್ಟೂಲು ಎಂಥದ್ದು?” ಎಂದು ಕೇಳಿದೆ. ಎತ್ತರದ ಸ್ಟೂಲು, ಕೆಳಗೆ ಕಾಲಿಡಲು ಕಬ್ಬಿಣದ ಸರಳು. ಹಣದ ಪೆಟ್ಟಿಗೆಯ ಮುಂದೆ ಚಪ್ಪಲಿ ಹಾಕಿಕೊಂಡು ಕೂರುವುದು ಅವರ ಸಂಪ್ರದಾಯದಲ್ಲಿ ಇಲ್ಲ, ಬೆಳಿಗ್ಗೆ ಊದುಬತ್ತಿ ಹಚ್ಚಿದ ಮೇಲೆ ಬರಿಗಾಲೇ. ಚಿಲ್ಲರೆ ಕೊಡಲು ಮುಂದಕ್ಕೆ ಬಾಗಿದಾಗಲೆಲ್ಲ ಮೈಭಾರ ಬಲಗಾಲಿನ ಗುಳಿಯ ಮೂಲಕ ಆ ಸರಳಿನ ಮೇಲೆ ಬೀಳುತ್ತಿತ್ತು. ಲಕ್ಷ್ಮಿಗೂ ಸಿಟ್ಟು ಬಾರದ, ಕಾಲಿಗೂ ನೋವಾಗದ ಪರಿಹಾರವೆಂದರೆ ಸರಳಿನ ಮೇಲೆ ಒಂದು ಹಲಗೆ ಕಟ್ಟಿಸುವುದು. ಕಟ್ಟಿಸಿದರು. ಅವರು ಕೇಳಿಕೊಂಡು ಬಂದಿದ್ದ ಆಣಿ ಪಟ್ಟಿಯನ್ನು ಆ ದಿನ ನಾನು ಮಾರಲಿಲ್ಲ.

ಚಪ್ಪಲಿಯನ್ನೂ ಪರೀಕ್ಷಿಸಿ

ಸವೆದ ಚಪ್ಪಲಿ ಸುಳ್ಳು ಹೇಳುವುದಿಲ್ಲ. ತಲೆಕೆಳಗು ಮಾಡಿ ನೋಡಿ. ಹಿಮ್ಮಡಿಯ ಹೊರ ಅಂಚು ತುಸು ಸವೆದಿದ್ದರೆ ಅದು ಸಹಜ ನಡಿಗೆ. ಒಳ ಅಂಚು ಹೆಚ್ಚು ಸವೆದಿದ್ದರೆ ಪಾದ ಒಳಕ್ಕೆ ಬೀಳುತ್ತಿದೆ. ಎಡ ಬಲ ಬೇರೆ ಬೇರೆ ರೀತಿ ಸವೆದಿದ್ದರೆ ಸೊಂಟ, ಮೊಣಕಾಲು, ಕಾಲಿನ ಉದ್ದ ಇವುಗಳಲ್ಲೇನೋ ವ್ಯತ್ಯಾಸವಿರಬಹುದು. ಈಗ ಮೇಲ್ಭಾಗವನ್ನು ಹೆಬ್ಬೆರಳಿನಿಂದ ಒತ್ತಿ: ಒತ್ತಿದ ಜಾಗ ಮತ್ತೆ ಮೇಲೇಳದಿದ್ದರೆ ಆ ರಬ್ಬರು ಸತ್ತಿದೆ. ಹೋಟೆಲಿನ ಹುಡುಗರ ಹವಾಯಿ ಚಪ್ಪಲಿಗಳು ಹಿಮ್ಮಡಿಯ ಹತ್ತಿರ ಹಪ್ಪಳವಾಗಿರುತ್ತವೆ. ಬಾರು ಹರಿಯುವವರೆಗೂ ಅದು ಹಳೆಯದಾಯಿತು ಎಂದು ಅವರು ಒಪ್ಪುವುದಿಲ್ಲ.

ಪಾದದ ಕಮಾನು ಎಂಥದ್ದು ಎಂದು ತಿಳಿಯಲು ಕಾಲು ಒದ್ದೆ ಮಾಡಿಕೊಂಡು ಒಣಗಿದ ನೆಲದ ಮೇಲೆ ಒಂದು ಹೆಜ್ಜೆ ಇಡಿ. ಚಾಳುಗಳೆಂಬ ಹಳೆಯ ವಠಾರಗಳ ಬಚ್ಚಲಿನಲ್ಲಿ, ಮೆಟ್ಟಿಲ ಬಳಿ ಇನ್ನೂ ಶಹಾಬಾದ್ ಕಲ್ಲು ಉಳಿದಿದ್ದರೆ ಅದು ಈ ಪರೀಕ್ಷೆಗೆ ಹೇಳಿ ಮಾಡಿಸಿದ್ದು, ಗುರುತು ಅಚ್ಚುಕಟ್ಟಾಗಿ ಮೂಡುತ್ತದೆ. ಕಲಬುರಗಿ ಜಿಲ್ಲೆಯ ಕಲ್ಲಿನ ಮೇಲೆ ಕಲಬುರಗಿಯವನ ಹೆಜ್ಜೆ ನೋಡುವುದರಲ್ಲಿ ನನಗೊಂದು ಸಣ್ಣ ಖುಷಿಯೂ ಇದೆ. ಇಡೀ ಪಾದ ತುಂಬಿಕೊಂಡು ಮೂಡಿದರೆ ಚಪ್ಪಟೆ ಪಾದ. ಮುಂಗಾಲು ಹಿಮ್ಮಡಿ ಮಾತ್ರ ಮೂಡಿ ನಡುವೆ ಏನೂ ಇಲ್ಲದಿದ್ದರೆ ಎತ್ತರದ ಕಮಾನು. ಎತ್ತರದ ಕಮಾನಿನವರಲ್ಲಿ ಭಾರವೆಲ್ಲ ಎರಡೇ ಜಾಗಕ್ಕೆ ಬೀಳುವುದರಿಂದ ಜಡ್ಡು ಗಟ್ಟಿ, ಆಳ.

ಹೊಸ ಶೂ ಕೊಳ್ಳುವುದು ಸಂಜೆಯ ಹೊತ್ತು, ಕಾಲು ಊದಿರುವಾಗ. ಕಾಗದದ ಮೇಲೆ ನಿಂತು ಪಾದದ ಸುತ್ತ ಗೆರೆ ಎಳೆಸಿ, ಆ ಕಾಗದದ ಮೇಲೆ ಶೂ ಇಟ್ಟು ನೋಡಿ. ಗೆರೆ ಶೂವಿನಿಂದ ಹೊರಗೆ ಕಂಡರೆ ದುಡ್ಡು ವಾಪಸ್ ಜೇಬಿಗೆ ಹಾಕಿಕೊಳ್ಳಿ. ಎಲ್ಲಕ್ಕಿಂತ ಉದ್ದದ ಬೆರಳಿನ ಮುಂದೆ ಒಂದು ಹೆಬ್ಬೆರಳಿನ ಅಗಲ ಜಾಗ ಬೇಕು.

ಕೈಯ ಜಡ್ಡು ಬೇರೆಯೇ ವಿಚಾರ

ಕಾಲಿನ ಜಡ್ಡನ್ನು ಕರಗಿಸಬೇಕು ಎನ್ನುವ ನಾನು ಕೈಯ ಜಡ್ಡಿನ ವಿಚಾರದಲ್ಲಿ ಬಹಳ ಸಲ ಬೇಡ ಎನ್ನುತ್ತೇನೆ. ದೋಸೆ ಹೊಯ್ಯುವವನ ಬಲಗೈ ನೋಡಿ. ತೋರುಬೆರಳಿನ ಬುಡದಲ್ಲಿ ಮತ್ತು ಹೆಬ್ಬೆರಳಿನ ಒಳಪಕ್ಕದಲ್ಲಿ ಒಂದೊಂದು ಹಳದಿ ಮಚ್ಚೆ, ಮೇಣ ಉಜ್ಜಿದಂತೆ ನುಣುಪು. ಕಾವಲಿ ಹೆರೆಯುವ ಸಟ್ಟುಗದ ಹಿಡಿಕೆ ಕೂರುವುದು ಈ ಎರಡರ ನಡುವೆ. ಎಡಗೈಯ ಬೆರಳ ತುದಿಗಳಲ್ಲಿ ಗೆರೆಗಳೇ ಸವೆದಿರುತ್ತವೆ. ಬಿಸಿ ದೋಸೆಯನ್ನು ಮಡಚುವ ಬೆರಳುಗಳು ಅವು. ಊರಿಗೆ ಹೋಗುವ ಮುಂಚೆ, ಮದುವೆಯ ಮಾತುಕತೆ ಇದೆ ಎಂದು, ಇದನ್ನೆಲ್ಲ ತೆಗೆಸಿಕೊಡಿ ಎಂದು ಒಬ್ಬ ಹುಡುಗ ಬಂದಿದ್ದ. ತೆಗೆಯಬಹುದು. ಆದರೆ ರಜೆ ಮುಗಿಸಿ ಬಂದ ಮರುದಿನ ಅದೇ ಕಾವಲಿಯ ಮುಂದೆ ನಿಂತಾಗ ಎಳೆ ಚರ್ಮಕ್ಕೆ ಗುಳ್ಳೆ ಏಳುತ್ತದೆ, ಗುಳ್ಳೆ ಒಡೆದ ಕೈಯಲ್ಲಿ ಹಿಟ್ಟು ಮುಟ್ಟುವಂತಿಲ್ಲ. ಹಿಡಿಕೆಗೆ ಹತ್ತಿಯ ಪಟ್ಟಿ ಸುತ್ತಿಕೊ, ರಾತ್ರಿ ಕ್ರೀಮು ಹಚ್ಚು, ಉಬ್ಬಿದ ಅಂಚು ಮಾತ್ರ ಉಜ್ಜಿ ಸಮ ಮಾಡು ಎಂದೆ. ಹುಡುಗಿ ಕೈ ನೋಡಿ ಬೇಡ ಎಂದರೆ ಅವಳಿಗೆ ದೋಸೆಯ ಬೆಲೆ ತಿಳಿಯದು ಎಂದು ಪಕ್ಕದಲ್ಲಿದ್ದ ಅಡುಗೆ ಭಟ್ಟರು ಸೇರಿಸಿದರು.

ಉಬ್ಬಿದ ಅಂಚನ್ನು ಸಮ ಮಾಡುವುದು ಮಾತ್ರ ಮುಖ್ಯ. ಜಡ್ಡಿನ ಅಂಚು ಎದ್ದಿದ್ದರೆ ಹಿಡಿಕೆ ಅದಕ್ಕೆ ಸಿಕ್ಕಿಕೊಂಡು ಪದರವೇ ಕಿತ್ತುಬರುತ್ತದೆ. ವ್ಯಾಯಾಮಶಾಲೆಯಲ್ಲಿ ಭಾರ ಎತ್ತುವವರಿಗೆ ಹೀಗೆಯೇ ಅಂಗೈ ಹರಿಯುವುದು. ಅವರು ಸರಳನ್ನು ಅಂಗೈಯ ನಡುವೆ ಹಿಡಿಯದೆ ಬೆರಳುಗಳ ಬುಡಕ್ಕೆ ಸರಿಸಿ ಹಿಡಿದರೆ ಚರ್ಮ ಮಡಚಿಕೊಳ್ಳುವುದು ಕಡಿಮೆಯಾಗುತ್ತದೆ. ಲೋಕಲಿನ ಹಿಡಿಕೆ ಹಿಡಿದು ಹಿಡಿದೇ ಕೈ ಜಡ್ಡುಗಟ್ಟಿತು ಎನ್ನುವವರೂ ಇದ್ದಾರೆ, ನನಗೆ ನಂಬಿಕೆಯಿಲ್ಲ. ಕೇಳುತ್ತಾ ಹೋದರೆ ಮನೆಯಲ್ಲೊಂದು ಮೋಟಾರ್‌ಸೈಕಲ್ಲೋ ಡಂಬೆಲ್ಲೋ ಹೊರಬೀಳುತ್ತದೆ.

ಕಟ್ಟಡದ ಕೆಲಸದವರ ಕೈ ಗಟ್ಟಿಯಾಗಿರುವುದರ ಜೊತೆ ತುರಿಕೆ, ಬಿರುಕು, ಒಸರು ಇದ್ದರೆ ಅದನ್ನು ಜಡ್ಡು ಎಂದು ಬಿಡಬೇಡಿ. ಹಸಿ ಸಿಮೆಂಟು ತೀವ್ರ ಕ್ಷಾರ, ಚರ್ಮವನ್ನು ಸುಡುತ್ತದೆ. ಅದರಲ್ಲಿರುವ ಕ್ರೋಮೇಟ್ ಕೆಲವರಿಗೆ ಅಲರ್ಜಿ ತರುತ್ತದೆ. ಒಮ್ಮೆ ಅಲರ್ಜಿ ಹತ್ತಿದರೆ ಆ ಮನುಷ್ಯ ಸಿಮೆಂಟು ಮುಟ್ಟಿದಾಗಲೆಲ್ಲ ಮರುಕಳಿಸುತ್ತದೆ. ಒಳಗೆ ಹತ್ತಿ, ಹೊರಗೆ ರಬ್ಬರಿನ ಕೈಗವಸು ಹಾಕಿಕೊಳ್ಳಬೇಕು, ಕೈಗವಸಿನೊಳಕ್ಕೆ ಸಿಮೆಂಟು ನೀರು ಹೋದರೆ ಕೂಡಲೇ ಬದಲಿಸಬೇಕು. ಹರಿದ ಕೈಗವಸು ಹಾಕುವುದಕ್ಕಿಂತ ಹಾಕದಿರುವುದೇ ವಾಸಿ, ಸಿಮೆಂಟು ಒಳಗೇ ಕೂತು ಬೇಯಿಸುತ್ತದೆ.

ಕಾರಣ ಸಿಕ್ಕಿತು, ಈಗ ಆರೈಕೆ

ಉಗುರುಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ಕಾಲಿಡಿ. ಒರೆಸಿ, ಕಾಲುಜ್ಜುವ ಕಲ್ಲಿನಿಂದ ಮೆದುವಾಗಿ ಉಜ್ಜಿ. ಒಂದೇ ಸಲಕ್ಕೆ ಮುಗಿಸಿಬಿಡುವ ಹಟ ಬೇಡ. ಕೆಳಗೆ ಗುಲಾಬಿ ಬಣ್ಣ ಇಣುಕುವ ಮುಂಚೆಯೇ ನಿಲ್ಲಿಸಬೇಕು. ಒರಟಾಗಿ ಉಜ್ಜಿದರೆ ಅದೂ ಒಂದು ತಿಕ್ಕಾಟವೇ, ಚರ್ಮ ಇನ್ನಷ್ಟು ದಪ್ಪವಾಗಿ ಉತ್ತರ ಕೊಡುತ್ತದೆ. ಕಲ್ಲು ಒಬ್ಬೊಬ್ಬರಿಗೆ ಒಂದೊಂದು ಇರಲಿ. ಹತ್ತು ಹುಡುಗರು ಒಂದೇ ಕೋಣೆಯಲ್ಲಿ ಮಲಗುವ ಕಡೆ ಬಚ್ಚಲಿನಲ್ಲಿ ಒಂದೇ ಕಲ್ಲು ಇಟ್ಟಿದ್ದರೆ ನರುಲಿ, ಫಂಗಸ್ಸು ಎಲ್ಲರ ಪಾಲಿಗೂ ಬರುತ್ತವೆ.

ಚರ್ಮದಲ್ಲಿ ಇನ್ನೂ ತೇವ ಇರುವಾಗಲೇ ಯೂರಿಯಾ ಇರುವ ಕ್ರೀಮು ಹಚ್ಚಿ. ಶೇಕಡ 10ರಷ್ಟು ಯೂರಿಯಾ ತೇವ ಹಿಡಿದಿಡಲು, 20ಕ್ಕಿಂತ ಮೇಲೆ ಹೋದಂತೆ ಸತ್ತ ಪದರವನ್ನು ಸಡಿಲಿಸಲು. 40ರದ್ದು ಬಹಳ ದಪ್ಪ ಜಡ್ಡಿಗೆ, ಅದೂ ಕೇಳಿಕೊಂಡು. ಮೇಲೆ ಹತ್ತಿಯ ಕಾಲುಚೀಲ ಹಾಕಿ ಮಲಗಿದರೆ ಹಾಸಿಗೆಗೂ ಮೆತ್ತುವುದಿಲ್ಲ. ಹಿಮ್ಮಡಿಯ ಬಿರುಕಿಗೆ ನನ್ನ ಮೆಚ್ಚಿನದು ಮುರುಗಲ ತುಪ್ಪ. ದಾದರಿನ ಕೊಂಕಣಿ ಸಾಮಾನಿನ ಅಂಗಡಿಗಳಲ್ಲಿ ಕೋಕಂ ತೇಲ್ ಎಂದು ಕೇಳಿದರೆ ಎಣ್ಣೆಯ ಸೀಸೆ ಕೊಡುವುದಿಲ್ಲ, ಬೆಳ್ಳಗಿನ ಗಟ್ಟಿ ಉಂಡೆ ಕೊಡುತ್ತಾರೆ. ಚಮಚದಲ್ಲಿ ತುಸು ಕಾಯಿಸಿ, ಬೆಚ್ಚಗಿರುವಾಗ ಬಿರುಕಿಗೆ ತುಂಬಿದರೆ ಅಲ್ಲೇ ಹೆಪ್ಪುಗಟ್ಟಿ ಮುಚ್ಚಿಕೊಳ್ಳುತ್ತದೆ. ಸುಡುವಷ್ಟು ಬಿಸಿ ಬೇಡ. ಕೊಬ್ಬರಿ ಎಣ್ಣೆಗೆ ಜೇನುಮೇಣ ಕರಗಿಸಿ ಮಾಡಿದ್ದೂ ಆದೀತು.

ಒತ್ತಡ ತಪ್ಪಿಸುವ ದಿಂಬು ಇಡುವಾಗ ಹತ್ತರಲ್ಲಿ ಎಂಟು ಜನ ಜಡ್ಡಿನ ಮೇಲೆಯೇ ಇಡುತ್ತಾರೆ. ಅದರಿಂದ ಒತ್ತಡ ಹೆಚ್ಚಾಗುತ್ತದೆ. ಮುಂಗಾಲಿನ ಜಡ್ಡಿಗಾದರೆ ದಿಂಬು ಕೂರಬೇಕಾದದ್ದು ಜಡ್ಡಿಗಿಂತ ಸ್ವಲ್ಪ ಹಿಂದೆ, ಹಿಮ್ಮಡಿಯ ಕಡೆಗೆ. ಆಗ ಮೂಳೆಯ ತಲೆ ಮೇಲೆತ್ತಿಕೊಂಡು ಜಡ್ಡಿನ ಮೇಲಿನ ಭಾರ ಇಳಿಯುತ್ತದೆ. ಆಣಿಗಾದರೆ ನಡುವೆ ತೂತಿರುವ ಬಳೆ ದಿಂಬು. ಸ್ಟೇಷನ್ ಹೊರಗೆ ಕೂರುವ ಚಪ್ಪಲಿ ಹೊಲಿಯುವವರಿಗೆ ಜಡ್ಡಿನ ಜಾಗವನ್ನು ಪೆನ್ನಿನಿಂದ ಗುರುತು ಮಾಡಿ ತೋರಿಸಿದರೆ ಚಪ್ಪಲಿಯೊಳಗೆ ಒಂದು ಪಟ್ಟಿ ಅಂಟಿಸಿ ಕೊಡುತ್ತಾರೆ. ಮೆದು ಆಣಿಗೆ ಬೆರಳುಗಳ ಸಂದಿಯಲ್ಲಿ ಒಣ ಹತ್ತಿ ಇಟ್ಟು, ಸಂಜೆ ತೆಗೆದೆಸೆಯಿರಿ.

ಆಣಿ ಪಟ್ಟಿ ಮತ್ತು ಮನೆಮದ್ದು

ಆಣಿ ಪಟ್ಟಿಯ ನಡುವೆ ಇರುವುದು ಸ್ಯಾಲಿಸಿಲಿಕ್ ಆಮ್ಲ, ಸಾಮಾನ್ಯವಾಗಿ ಶೇಕಡ 40. ಅದಕ್ಕೆ ಸತ್ತ ಚರ್ಮ, ಜೀವಂತ ಚರ್ಮ ಎಂಬ ಭೇದ ತಿಳಿಯದು. ತಾಗಿದ್ದನ್ನು ಬಿಳಿಚಿಸಿ ಮೆತ್ತಗಾಗಿಸುತ್ತದೆ. ಪಟ್ಟಿ ಜರುಗಿ ಪಕ್ಕದ ಒಳ್ಳೆಯ ಚರ್ಮದ ಮೇಲೆ ಕೂತರೆ ಅಲ್ಲಿ ಹುಣ್ಣು. ಆದ್ದರಿಂದ ಆಮ್ಲದ ತುಂಡು ಆಣಿಗಿಂತ ದೊಡ್ಡದಿರಬಾರದು, ಸುತ್ತ ಪೆಟ್ರೋಲಿಯಂ ಜೆಲ್ಲಿ ಸವರಿರಬೇಕು, ಪೊಟ್ಟಣದ ಮೇಲೆ ಬರೆದ ಅವಧಿ ಮೀರಿ ಬಿಡಬಾರದು. ಹುಣ್ಣು, ಬಿರುಕು, ಬೆರಳ ಸಂದಿ ಇವೆಲ್ಲ ನಿಷಿದ್ಧ ಜಾಗಗಳು. ಬ್ಲೇಡು, ಉಗುರು ಕತ್ತರಿ ಯಾವ ಜಾಗಕ್ಕೂ ಬೇಡ.

ಮನೆಮದ್ದುಗಳಲ್ಲಿ ಎಕ್ಕದ ಹಾಲು ಮತ್ತು ಗೇರುಬೀಜದ ಸಿಪ್ಪೆಯ ಎಣ್ಣೆ ಎರಡನ್ನೂ ಕಂಡರೆ ನನಗೆ ಭಯ. ಕರಾವಳಿಯ ಹಿರಿಯರು ಒಡೆದ ಹಿಮ್ಮಡಿಗೆ ಗೇರೆಣ್ಣೆ ಹಚ್ಚುತ್ತಿದ್ದದ್ದು ನಿಜ. ಗದ್ದೆಯಲ್ಲಿ ದುಡಿದು ಕಲ್ಲಾದ ಕಾಲು ಅದನ್ನು ತಡೆದುಕೊಂಡಿರಬಹುದು. ಆಫೀಸಿಗೆ ಹೋಗುವ ಮೊಮ್ಮಗಳ ಕಾಲು ತಡೆಯದು. ಆ ಎಣ್ಣೆ ಚರ್ಮ ಸುಟ್ಟು ಗುಳ್ಳೆ ಎಬ್ಬಿಸುವಂಥದ್ದು. ಎಕ್ಕದ ಹಾಲು ಕೈಯಿಂದ ಕಣ್ಣಿಗೆ ಹೋದರೆ ದೃಷ್ಟಿಗೇ ಅಪಾಯ. ಬೆಳ್ಳುಳ್ಳಿ ಜಜ್ಜಿ ರಾತ್ರಿಯಿಡೀ ಕಟ್ಟಿದರೂ ಸುಟ್ಟ ಗಾಯವಾಗುತ್ತದೆ.

ಸಕ್ಕರೆ ಕಾಯಿಲೆ ಇದ್ದರೆ ಇಲ್ಲಿಂದ ಓದಿ

ಮೇಲೆ ಹೇಳಿದ ನೆನೆಸುವುದು, ಉಜ್ಜುವುದು, ಪಟ್ಟಿ ಅಂಟಿಸುವುದು ಯಾವುದೂ ನಿಮಗಲ್ಲ. ವರ್ಷಗಳ ಸಕ್ಕರೆ ಕಾಯಿಲೆ ಕಾಲಿನ ನರಗಳ ಸಂವೇದನೆ ಕಳೆಯುತ್ತದೆ, ರಕ್ತದ ಹರಿವನ್ನೂ ತಗ್ಗಿಸುತ್ತದೆ. ಆಗ ಜಡ್ಡೇ ಕಾಲೊಳಗಿನ ಕಲ್ಲಿನಂತೆ ಒತ್ತಿ, ಕೆಳಗೆ ಹುಣ್ಣು ಮಾಡುತ್ತದೆ. ನೋವಿಲ್ಲದ್ದರಿಂದ ಯಾರಿಗೂ ಸುಳಿವು ಸಿಗುವುದಿಲ್ಲ. ಜಡ್ಡಿನ ಒಳಗೆ ಕಪ್ಪು ಅಥವಾ ಕೆಂಗಂದು ಕಲೆ ಕಂಡರೆ ಅದು ಒಳಗೆ ರಕ್ತ ಒಸರಿದ ಗುರುತು, ಹುಣ್ಣಾಗುವ ಮುನ್ಸೂಚನೆ. ಅದೇ ದಿನ ವೈದ್ಯರ ಬಳಿ ಹೋಗಬೇಕು. ದಪ್ಪ ಪದರವನ್ನು ತೆಳುವಾಗಿಸುವುದು ಇಲ್ಲಿ ಅಗತ್ಯವೇ, ಆದರೆ ಅದನ್ನು ತರಬೇತಿ ಪಡೆದವರು ಮಾಡಬೇಕು.

ದಿನವೂ ರಾತ್ರಿ ಅಂಗಾಲಿನ ಕೆಳಗೆ ಕನ್ನಡಿ ಹಿಡಿದು ನೋಡಿ; ಕಣ್ಣು ಮಂಜಾದವರು ಮನೆಯವರಿಂದ ನೋಡಿಸಿಕೊಳ್ಳಲಿ. ಚಪ್ಪಲಿ ಹಾಕುವ ಮುಂಚೆ ಒಳಗೆ ಕೈಯಾಡಿಸಿ. ಸ್ನಾನದ ನೀರಿನ ಬಿಸಿಯನ್ನು ಕಾಲಿನಿಂದ ನೋಡದೆ ಮೊಣಕೈಯಿಂದ ನೋಡಿ. ಸೋಮವಾರ ರಾತ್ರಿ ಸಿದ್ಧಿವಿನಾಯಕನಿಗೆ ಬರಿಗಾಲಿನಲ್ಲಿ ನಡೆಯುವ ಹರಕೆ ಹೊತ್ತವರಿಗೆ ನಾನು ಹೇಳುವುದಿಷ್ಟೇ: ಸಕ್ಕರೆ ಕಾಯಿಲೆ ಇರುವ ಭಕ್ತ ಚಪ್ಪಲಿ ಹಾಕಿಕೊಂಡು ನಡೆದರೆ ಗಣಪತಿ ಬೇಸರ ಪಟ್ಟುಕೊಳ್ಳುವುದಿಲ್ಲ.

ಸಕ್ಕರೆ ಕಾಯಿಲೆ ಇಲ್ಲ, ಆದರೂ ಜಡ್ಡಿನ ಜಾಗದಲ್ಲಿ ಸ್ಪರ್ಶವೇ ತಿಳಿಯುತ್ತಿಲ್ಲ, ಮೈಮೇಲೆಲ್ಲೋ ಮುಟ್ಟಿದ್ದು ತಿಳಿಯದ ಮಸುಕು ಮಚ್ಚೆಯೂ ಇದೆ ಎಂದರೆ ಕುಷ್ಠರೋಗದ ಪರೀಕ್ಷೆ ಮಾಡಿಸಬೇಕು. ಮುಚ್ಚಿಡುವ ಕಾಲ ಹೋಗಿದೆ. ಬಹುಔಷಧ ಚಿಕಿತ್ಸೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ, ಪೂರ್ತಿ ಗುಣವಾಗುತ್ತದೆ.

ಮಳೆಗಾಲದ ತೊಡಕು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದೂರುಗಳ ಸ್ವರೂಪವೇ ಬದಲಾಗುತ್ತದೆ. ಜಡ್ಡು ನೀರು ಕುಡಿದು ಬೆಳ್ಳಗೆ ಊದುತ್ತದೆ, ಮೆತ್ತಗಾಗಿ ಅಂಚು ಕೀಳುತ್ತದೆ. ಪಾತ್ರೆ ತೊಳೆಯುವ ಹುಡುಗರ ಅಂಗಾಲಿನಲ್ಲಿ ಸೂಜಿಯಿಂದ ಚುಚ್ಚಿದಂತಹ ಸಣ್ಣ ಸಣ್ಣ ಕುಳಿಗಳು, ಜೊತೆಗೆ ಕೆಟ್ಟ ವಾಸನೆ ಕಂಡರೆ ಅದು ಬ್ಯಾಕ್ಟೀರಿಯಾದ ಕೆಲಸ. ಒಣಗಿದ ಕಾಲು ಮತ್ತು ವೈದ್ಯರು ಕೊಡುವ ಲೇಪನದಿಂದ ವಾಸಿಯಾಗುತ್ತದೆ. ಶೂ ಎರಡು ಜೊತೆ ಇಟ್ಟುಕೊಂಡು ದಿನ ಬಿಟ್ಟು ದಿನ ಹಾಕಿ.

ಇದಕ್ಕಿಂತ ಗಂಭೀರವಾದದ್ದು ಬಿರುಕು ಬಿಟ್ಟ ಹಿಮ್ಮಡಿಯಲ್ಲಿ ನಿಂತ ನೀರು ದಾಟುವುದು. ಹಿಂದ್‌ಮಾತಾ, ಕಿಂಗ್ಸ್ ಸರ್ಕಲ್‌ಗಳಲ್ಲಿ ಮಳೆಗೆ ನಿಲ್ಲುವ ನೀರಿನಲ್ಲಿ ಇಲಿಯ ಮೂತ್ರ ಬೆರೆತಿರುತ್ತದೆ, ಇಲಿಜ್ವರ ತರುವ ಲೆಪ್ಟೊಸ್ಪೈರಾ ರೋಗಾಣು ಬಿರುಕಿನ ಮೂಲಕ ಒಳಹೋಗುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದ ನಂತರ ಈ ಜ್ವರ ನಗರವನ್ನು ಕಾಡಿತ್ತು. ನೀರಿನಲ್ಲಿ ನಡೆದವರು 72 ಗಂಟೆಯೊಳಗೆ ವೈದ್ಯರನ್ನು ಕಂಡು ತಡೆ ಔಷಧಿ ತೆಗೆದುಕೊಳ್ಳಬೇಕೆಂದು ಪಾಲಿಕೆ ಮಳೆಗಾಲದಲ್ಲಿ ಹೇಳುತ್ತಲೇ ಇರುತ್ತದೆ. ಆ ತಡೆ ಔಷಧಿ ಡಾಕ್ಸಿಸೈಕ್ಲಿನ್ ಯಾರಿಗೆ, ಎಷ್ಟು ಎಂಬುದನ್ನು ವೈದ್ಯರೇ ನಿರ್ಧರಿಸಲಿ. ಗರ್ಭಿಣಿಯರಿಗೂ ಚಿಕ್ಕ ಮಕ್ಕಳಿಗೂ ಬೇರೆ ಔಷಧಿ.

ಇಷ್ಟಾದರೂ ಹೋಗದಿದ್ದರೆ

ಚಪ್ಪಲಿ ಬದಲಿಸಿ, ಒತ್ತಡ ತಪ್ಪಿಸಿ, ಆರು ವಾರ ಆರೈಕೆ ಮಾಡಿದರೂ ಅದೇ ಜಾಗದಲ್ಲಿ ಅಷ್ಟೇ ದಪ್ಪ ಉಳಿದಿದ್ದರೆ ಚರ್ಮದ ಕೆಳಗೆ ನೋಡಬೇಕು. ಮೂಳೆ ವೈದ್ಯರು ನಿಂತ ಭಂಗಿಯಲ್ಲಿ ಎಕ್ಸ್‌ರೇ ತೆಗೆಸಿ ಯಾವ ಮೂಳೆ ಇಳಿದಿದೆ, ಯಾವ ಬೆರಳು ಮಡಚಿದೆ ಎಂದು ಹೇಳುತ್ತಾರೆ. ಹೆಚ್ಚಿನವರಿಗೆ ಪಾದದ ಅಳತೆಗೆ ಮಾಡಿಸಿದ ಒಳಹಾಸು ಸಾಕಾಗುತ್ತದೆ, ಕೆಲವರಿಗಷ್ಟೇ ಶಸ್ತ್ರಚಿಕಿತ್ಸೆ. ಕೀವು, ಸುತ್ತ ಕೆಂಪು, ಬಿಸಿ, ಜ್ವರ ಇದ್ದರೆ ಆರು ವಾರ ಕಾಯುವ ಮಾತಿಲ್ಲ. ಕೆ.ಇ.ಎಂ., ಸಯನ್, ನಾಯರ್‌ನಂತಹ ಪಾಲಿಕೆ ಆಸ್ಪತ್ರೆಗಳಲ್ಲಿ ಚರ್ಮರೋಗ ಮತ್ತು ಮೂಳೆ ವಿಭಾಗ ಎರಡೂ ಇವೆ. ಸರದಿ ಉದ್ದ, ಬೆಳಿಗ್ಗೆ ಬೇಗ ಹೋಗಿ.

ಹೋಗುವ ಹಿಂದಿನ ದಿನ ಜಡ್ಡನ್ನು ಉಜ್ಜಿ ಚೊಕ್ಕ ಮಾಡಿಕೊಳ್ಳಬೇಡಿ, ವೈದ್ಯರಿಗೆ ನೋಡಲು ಏನೂ ಉಳಿಯುವುದಿಲ್ಲ. ಏನೇನು ಹಚ್ಚಿದ್ದೀರಿ ಎಂಬುದನ್ನು, ಎಕ್ಕದ ಹಾಲೂ ಸೇರಿದಂತೆ, ನಾಚದೆ ಹೇಳಿ. ಮತ್ತು ಆಸ್ಪತ್ರೆಗೆಂದು ಹೊಸ ಚಪ್ಪಲಿ ಮೆಟ್ಟಿಕೊಂಡು ಹೋಗುವ ಬದಲು ದಿನವೂ ಹಾಕುವ ಸವೆದ ಜೋಡಿಯನ್ನೇ ಹಾಕಿಕೊಂಡು ಹೋಗಿ.